ಪಾಕ ನೋಡುವ ಬೆರಳು

ನಮ್ಮ ಯಜಮಾನರು ಕಣ್ಣು ನಂಬಿದವರಲ್ಲ, ಮೂಗು ನಂಬಿದವರಲ್ಲ, ಕಟ್ಟಿಕೊಂಡ ಹೆಂಡತಿಯನ್ನಂತೂ ಮೊದಲೇ ನಂಬಿದವರಲ್ಲ! ಜೀವಮಾನವೆಲ್ಲ ನಂಬಿದ್ದು ಎರಡನ್ನೇ. ಒಂದು ಬಲಗೈ ಹೆಬ್ಬೆರಳು, ಇನ್ನೊಂದು ಅದರ ಪಕ್ಕದ ಬೆರಳು.

ನಮ್ಮದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಕೆಂಪಗಾದಾಗ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಎರಡು ಬೆರಳಲ್ಲಿ ಉರುಟಿ, ಉಂಡೆ ಕಟ್ಟುತ್ತಾ ಅಂತ ನೋಡಬೇಕು. ಅದೇ ಪಾಕ ನೋಡೋದು. ಬೇಗ ಇಳಿಸಿದರೆ ಬೆಲ್ಲ ಅಚ್ಚಲ್ಲಿ ನಿಲ್ಲೋದಿಲ್ಲ, ತಡವಾದರೆ ಕರ್ರಗಾಗಿ ಕಹಿ. ನಮ್ಮವರು "ಇಳ್ಸ್ರಲಾ!" ಅಂದರೆ ಇಳಿಸಬೇಕು, ಅಷ್ಟೆ. ಪಕ್ಕದ ಊರವರೂ ಬಂದು ಕರೆದುಕೊಂಡು ಹೋಗೋರು.

ಸರಿ, ಆಲೆಮನೆಯಲ್ಲಿ ನೋಡಲಿ. ಮನೆಯಲ್ಲೂ ನೋಡಬೇಕೆ? ನಾನು ಮದುವೆಯಾಗಿ ಬಂದ ಮೂರನೇ ದಿನ ಮುದ್ದೆ ಇಕ್ಕಿದೆ. ಚೂರು ಮುರಿದು ಉರುಟಿದರು.

"ಇನ್ನೊಂದ್ ಗಳಿಗೆ ಬೇಯ್ಬೇಕಿತ್ತು ಕಣೆ."

"ಇದು ಅಚ್ಚಿಗೆ ಉಯ್ಯಾಕಲ್ಲ, ಒಟ್ಟೆಗೆ ಉಣ್ಣಾಕೆ!" ಅಂದೆ.

ಅತ್ತೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ಹೊಸ ಸೊಸೆಗೆ ಇಷ್ಟು ಬಾಯಾ ಅಂತಲೋ, ನಗು ತಡೆಯಲಾರದೆಯೋ, ಇವತ್ತಿಗೂ ಗೊತ್ತಿಲ್ಲ.

ಕಿರುಗಾವಲಲ್ಲಿ ನೆಂಟರ ಮದುವೆ. ಹುಡುಕಿದರೆ ಇವರಿಲ್ಲ. ಎಲ್ಲಿ ಅಂತೀರಿ? ಅಡುಗೆಯವನ ಪಕ್ಕ ಚೆಂಬಲ್ಲಿ ನೀರು ಹಿಡಿದು ನಿಂತಿದ್ದಾರೆ!

"ಯಜಮಾನ್ರೆ, ಇದು ಪಾಯ್ಸ ಕಣ್ರಪ್ಪೋ!"

"ಬೆಲ್ಲ ಆಕಿದ್ದೀಯೋ ಇಲ್ವೋ?"

"ಆಕಿವ್ನಿ."

"ಅಂಗಾದ್ರೆ ಸುಮ್ಕಿರು."

ಊಟ ಅರ್ಧ ಗಂಟೆ ತಡವಾಯಿತು. ಗಂಡಿನ ಕಡೆಯವರು ಮುಖ ಊದಿಸಿಕೊಂಡರು. ಇವರು ಮಾತ್ರ ಎರಡು ಸಲ ಪಾಯಸ ಹಾಕಿಸಿಕೊಂಡರು.

ಅಂಥವರಿಗೇ ಸಕ್ಕರೆ ಕಾಯಿಲೆ ಬರಬೇಕೆ! ಅದು ಬಂದು ಕೆಲವು ವರ್ಷಕ್ಕೆ, ಒಂದು ದಿನ ಕೊಪ್ಪರಿಗೆ ಪೂರ್ತಿ ಕಪ್ಪಾಯಿತು. ಇವರು ಉರುಟುತ್ತಲೇ ಇದ್ದರಂತೆ, "ಇನ್ನೂ ಬರ್ಬೇಕು, ಇನ್ನೂ ಬರ್ಬೇಕು" ಅಂತ. ಕೊನೆಗೆ "ಕಬ್ಬೇ ಸರಿಯಿಲ್ಲ ಕಣ್ಲಾ" ಅಂದು ಟವಲು ಕೊಡವಿಕೊಂಡು ಮನೆಗೆ ಬಂದರು. ಹೊಗೆಯಾಡುವ ಮುದ್ದೆಯ ಚೂರು ಬೆರಳಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಇದು ಬಿಸಿ ಅದಾ?"

ಅವರ ಕೈ ಹಿಡಿದು ನೋಡಿದೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ಬೆರಳ ಜೀವ ಹೋಗಿದೆ, ಇನ್ನು ಬರೋದಿಲ್ಲ ಅಂದರು ಮಂಡ್ಯದ ಡಾಕ್ಟರು. ಕೊಪ್ಪರಿಗೆ ಹತ್ತಿರ ಹೋಗಬೇಡಿ ಅಂತಲೂ ಅಂದರು. ಹೋಗದೆ ಹೋದರೆ ಆ ಮನುಷ್ಯ ಉಳೀತಾರಾ? ಆಗ ನಮ್ಮ ಮಗ ಒಂದು ಕಳ್ಳಾಟ ಹೂಡಿದ. ಒಲೆಯ ಆ ಬದಿಯಲ್ಲಿ ತಾನು ಗುಟ್ಟಾಗಿ ಪಾಕ ನೋಡೋದು. ಹದ ಬಂದ ಮೇಲೆ ನೀರಿನ ತಟ್ಟೆಯಲ್ಲಿ ತೊಟ್ಟು ತಂದು "ಅಪ್ಪ, ವಸಿ ನೋಡಪ್ಪ" ಅನ್ನೋದು. ಇವರು ಉರುಟಿ, ಕಣ್ಣು ಮುಚ್ಚಿ, ಗತ್ತಿನಲ್ಲಿ "ಇಳ್ಸ್ರಲಾ!" ಅನ್ನೋದು. ಒಂದು ಸಲವೂ ತಪ್ಪಲಿಲ್ಲ! ಆಳುಗಳು "ಯಜಮಾನ್ರ ಬೆರಳು ಅಂದ್ರೆ ಬೆರಳು" ಅನ್ನೋರು. ಆಮೇಲೆ ಆ ಆಳುಗಳೇ ಹೊಗೆಯ ನೆಪ ಹೇಳಿ ಕಣ್ಣೊರೆಸಿಕೊಳ್ಳೋರು.

ಒಂದು ಸಂಜೆ ಕೈ ತೊಳೆಯುತ್ತ ನನಗೆ ಹೇಳಿದರು: "ಮಗ ಪಾಕ ಚೆಂದಾಗಿ ಕಲ್ತವ್ನೆ ಕಣೆ. ನಂಗೆ ಗೊತ್ತು ಅಂತ ಮಾತ್ರ ಅವನ್ಗೆ ಯೋಳ್ಬ್ಯಾಡ."

ಆ ವರ್ಷವೇ ಮೊಮ್ಮಗಳು ಹುಟ್ಟಿದಳು. ಅಯ್ಯೋ, ನನ್ನ ಸಂತೋಷ ಏನು ಕೇಳ್ತೀರಿ! ಮಗು ನೋಡಲು ಹೊರಟಾಗ ಹನಕೆರೆ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದ ಗುರುತಿಲ್ಲದವರ ಕೈಗೂ ಕಲ್ಲುಸಕ್ಕರೆ ಹಾಕಿದೆ! ಸೊಸೆ ತವರಿಂದ ಮಗು ಕರೆತಂದಳು. ಇವರು ಮಾತ್ರ ಎತ್ತಿಕೊಳ್ಳಲೇ ಇಲ್ಲ. "ಹೆಣ್ಣು ಅಂತ ಮಾವಂಗೆ ಬೇಜಾರಾ ಅತ್ತೆ?" ಅಂತ ಸೊಸೆ ಕೇಳಿಯೇಬಿಟ್ಟಳು.

ಮಾರನೇ ದಿನ ಅವಳು ತಲೆಗೆ ಎರೆದುಕೊಳ್ಳಲು ಹೋಗಿದ್ದಳು. ನಾನು ಬಾಗಿಲಿಂದ ನೋಡಿದೆ. ಇವರು ತೊಟ್ಟಿಲ ಪಕ್ಕ ಮಂಡಿಯೂರಿ, ಮಗುವಿನ ಅಂಗಾಲಿಗೆ ಕೆನ್ನೆ ಒತ್ತಿದ್ದರು. ಗಡ್ಡ ಚುಚ್ಚಿ ಮಗು ಕಾಲು ಜಾಡಿಸುತ್ತಿತ್ತು.

"ಏನ್ ಮಾಡ್ತಾ ಇದ್ದೀರಿ?"

"ಬೆರಳಿಗೆ ಗೊತ್ತಾಗಾಕಿಲ್ಲ. ಎತ್ಕಂಡ್ರೆ ಎಲ್ಲಿ ಜಾರ್ಬುಡ್ತಾಳೋ ಅಂತ ಭಯ ಕಣೆ. ಕೆನ್ನೆಗಾದ್ರೆ ಗೊತ್ತಾಯ್ತದೆ."

ನನ್ನ ಹಿಂದೆ ಸೊಸೆ ಒದ್ದೆ ತಲೆಯಲ್ಲಿ ನಿಂತಿದ್ದಳು. ಚಾಪೆ ಹಾಸಿ, ಮಾವನನ್ನು ಗೋಡೆಗೆ ಒರಗಿ ಕೂರಲು ಹೇಳಿ, ಮಗುವನ್ನು ಅವರ ತೊಡೆ ಮೇಲೆ ಮಲಗಿಸಿ, ತಾನೂ ಪಕ್ಕದಲ್ಲೇ ಕೂತಳು.

"ಇಟ್ಕಳಿ ಮಾವ. ಬೀಳಾಕಿಲ್ಲ, ನಾನಿವ್ನಿ."

ಆಮೇಲೆ ಅವರು ಇದ್ದದ್ದು ಹತ್ತೊಂಬತ್ತು ದಿನ. ಹತ್ತೊಂಬತ್ತು ದಿನವೂ ಮಗು ತೊಟ್ಟಿಲಲ್ಲಿ ಮಲಗಲಿಲ್ಲ.