ತೋಫು ತುತ್ತೂರಿಯ ದನಿ ಕದ್ದ ಶಾಕುಹಾಚಿಯವರಿಗೆ

ಒನೊಮಿಚಿ,
ರೈಲ್ವೆ ಗೇಟಿನ ಮೇಲಿನ ಮೆಟ್ಟಿಲ ಓಣಿ.
ಆಗಸ್ಟ್ ತಿಂಗಳ ಕೊನೆ.

ಬಿದಿರು ವಂಶದ ಕುಲದೀಪಕರೂ ಪಂಚರಂಧ್ರಭೂಷಿತರೂ ಸದ್ಯ ನನ್ನ ಕಪಾಟಿನ ನಿವಾಸಿಗಳೂ ಆದ ಶಾಕುಹಾಚಿ ಕೊಳಲಿನವರ ಸನ್ನಿಧಿಗೆ,

ಮಾನ್ಯರೇ,

ಬೇಸಿಗೆ ಮುಗಿಯುತ್ತ ಬಂದರೂ ಬಿಸಿಲು ಬಿಡದ, ಜೀರುಂಡೆಗಳು ಬೆಳಗಿನಿಂದಲೇ ಗಂಟಲು ಹರಿದುಕೊಳ್ಳುವ ಈ ದಿನಗಳಲ್ಲಿ, ತಾವು ಬಿರುಕು ಬಿಡದೆ, ಹುಳು ಹಿಡಿಯದೆ, ರೇಷ್ಮೆ ಚೀಲದೊಳಗೆ ಸುಖವಾಗಿ ಪವಡಿಸಿರುವಿರೆಂದು ನಂಬಿದ್ದೇನೆ. ತಮ್ಮ ದಯೆಯಿಂದ ನಾನೂ ಕ್ಷೇಮ. ತಲೆಸುತ್ತು ಮೊದಲಿಗಿಂತ ಕಡಿಮೆಯಾಗಿದೆ, ತುಟಿಯ ಊತ ಇಳಿದಿದೆ, ನನ್ನಾಕೆ ಫುಸಾಯೆ ಮತ್ತೆ ನನ್ನೊಡನೆ ಮಾತಾಡತೊಡಗಿದ್ದಾಳೆ. ಎಲ್ಲವೂ ತಕ್ಕಮಟ್ಟಿಗೆ ನೆಟ್ಟಗಿರುವಾಗ ತಮ್ಮಂಥ ಹಿರಿಯರ ಮೇಲೆ ದೂರು ಹೇಳುವುದು ಸಭ್ಯತೆಯಲ್ಲವೆಂದು ಬಲ್ಲೆ. ಆದರೂ ಈ ಪತ್ರದ ಒಂದು ಪ್ರತಿಯನ್ನು ಓಣಿಯ ಸೂಚನಾ ಫಲಕಕ್ಕೆ ಅಂಟಿಸುವವನಿದ್ದೇನೆ, ಏಕೆಂದರೆ ತಾವು ನನಗೆ ಮಾಡಿದ್ದನ್ನು ಇಡೀ ಓಣಿ ಕಿವಿಯಾರೆ ಕೇಳಿದೆ.

ನಾನು ಯಾರೆಂಬುದು ತಮಗೆ ತಿಳಿದಂತಿಲ್ಲ, ಆದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ಕೆಳಗಿನ ಶಿಪ್‌ಯಾರ್ಡಿನಲ್ಲಿ ನಿವೃತ್ತನಾಗುವವರೆಗೆ ನಾನು ಕ್ರೇನಿಗೆ ಸನ್ನೆ ಕೊಡುವವನಾಗಿದ್ದೆ. ಬಾಯಲ್ಲಿ ಒಂದು ಸೀಟಿ, ಕೈಯಲ್ಲಿ ಒಂದು ಬಾವುಟ, ಅಷ್ಟೇ ನನ್ನ ಆಸ್ತಿ. ನಾನು ಒಮ್ಮೆ ಊದಿದರೆ ಮನೆಯಷ್ಟು ದೊಡ್ಡ ಉಕ್ಕಿನ ಹಲಗೆ ನೆಲ ಬಿಟ್ಟು ಮೇಲೇಳುತ್ತಿತ್ತು, ಮತ್ತೊಮ್ಮೆ ಊದಿದರೆ ಗಾಳಿಯಲ್ಲೇ ನಿಲ್ಲುತ್ತಿತ್ತು, ಉದ್ದಕ್ಕೆ ಊದಿದರೆ ಮಗುವನ್ನು ಮಲಗಿಸಿದ ಹಾಗೆ ಹಡಗಿನ ಪಕ್ಕೆಗೆ ಬಂದು ಕೂರುತ್ತಿತ್ತು. ಮೇಲೆ ಕ್ರೇನಿನ ಗೂಡಿನಲ್ಲಿ ಇರುತ್ತಿದ್ದವರು ಕಾನೆಹಾರು ಅವರು, ಅಂದರೆ ತಮ್ಮ ಹಿಂದಿನ ಯಜಮಾನರು. ಮುಖ ಕಾಣದಷ್ಟು ಎತ್ತರದಲ್ಲಿದ್ದ ಆ ಮನುಷ್ಯ ನನ್ನ ಉಸಿರನ್ನು ಒಂದು ದಿನವಾದರೂ ತಪ್ಪಾಗಿ ತಿಳಿದವರಲ್ಲ. ಅಂಥ ಉಸಿರಿಗೆ, ಮೊಳಕ್ಕಿಂತ ತುಸು ಉದ್ದವಿರುವ ತಾವು ಕವಡೆ ಕಾಸಿನ ಕಿಮ್ಮತ್ತು ಕೊಡಲಿಲ್ಲ.

ತಾವು ನನ್ನ ಕೈಗೆ ಬಂದದ್ದು ಹೇಗೆಂಬುದನ್ನೂ ನೆನಪಿಸಬೇಕಾಗಿದೆ. ಕಳೆದ ವರ್ಷ ಶರತ್ಕಾಲದಲ್ಲಿ, ಕಾಕಿ ಹಣ್ಣು ಕೆಂಪಾಗುವ ಹೊತ್ತಿಗೆ ಕಾನೆಹಾರು ತೀರಿಕೊಂಡರು. ಕರ್ಮಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ಶಿಗೆನೋ ಅಜ್ಜಿ, ನಮಗಿಂತ ಮೇಲಿನ ಮನೆಯವರು, ತಮ್ಮನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಬಂದು ನನ್ನ ಮುಂದೆ ಕೂತರು. "ಕುರಾಹಾಶಿ ಅವ್ರೇ, ಸತ್ತೋರು ಮನೆಗೆ ಬರೋ ಓಬೊನ್ ಹಬ್ಬ ಮುಂದಿನ ಬೇಸಿಗೇಲಿದೆಯಲ್ಲ, ಅವ್ರು ಹೋದ್ಮೇಲೆ ಮೊದಲ್ನೇ ಸಲ ಬರ್ತಾರೆ. ಎಲ್ಲರ ಹಾಗೆ ಲಾಂದ್ರ ನೋಡ್ಕೊಂಡು ದಾರಿ ಹುಡ್ಕೋ ಪೈಕಿ ಅಲ್ಲ ಅವ್ರು. ಬದುಕಿದ್ದಾಗ್ಲೇ ಸ್ವಲ್ಪ ಸಾಕೆ ಹೆಂಡ ಏರಿಸಿದ್ರೆ ಕಂಡೋರ ಮನೆ ಬಾಗಿಲು ತಟ್ಟೋರು. ಆವತ್ತು ನೀವು ಇದನ್ನ ನಮ್ಮ ಬಾಗಿಲಲ್ಲಿ ಊದ್ಬೇಕು. ಇದರ ಸದ್ದು ಕೇಳಿದ್ರೆ ಬರ್ತಾರೆ, ಇಲ್ದಿದ್ರೆ ಎಲ್ಲೋ ಅಲೀತಾ ಇರ್ತಾರೆ" ಎಂದರು. ನಗುತ್ತಲೇ ಹೇಳಿ, ತಮ್ಮನ್ನು ನನ್ನ ಕೈಗಿಟ್ಟರು. ಸೀಟಿ ಊದಿ ಅನ್ನ ತಿಂದವನಿಗೆ ಇದೇನು ಮಹಾ ಎಂದುಕೊಂಡು ನಾನು ಹೂಂ ಅಂದೆ. ಅಲ್ಲಿಂದ ಮುಂದಿನದು ತಮ್ಮ ಕಾರುಬಾರು.

ಚಳಿಗಾಲವಿಡೀ ತಾವು ಮೌನವ್ರತದಲ್ಲಿದ್ದಿರಿ. ಎಲ್ಲ ರಂಧ್ರಗಳನ್ನೂ ಮುಚ್ಚಿ ಹೊರಡಿಸುವ ಎಲ್ಲಕ್ಕಿಂತ ಕೆಳಗಿನ ಸ್ವರಕ್ಕೆ 'ರೋ' ಎಂದು ಹೆಸರು. ಕಲಿಯುವವರು ದಿನವೂ ಬೆಳಿಗ್ಗೆ ಅದೊಂದನ್ನೇ ಊದುತ್ತಿರಬೇಕೆಂದು ನನ್ನ ಗುರುಗಳಾದ ಉತ್ಸುಮಿಯವರ ಅಪ್ಪಣೆಯಾಯಿತು. ನಾನು ಊದಿದೆ, ಗಾಳಿ ಬಂತು. ತಲೆ ಓರೆ ಮಾಡಿ ಊದಿದೆ, ಇನ್ನೂ ತಣ್ಣನೆಯ ಗಾಳಿ ಬಂತು. ಕಣ್ಣಿಗೆ ಕತ್ತಲೆ ಕವಿದು ಗೋಡೆಗೊರಗಿದಾಗ ಫುಸಾಯೆ ಒಳಗಿನಿಂದ "ಅಷ್ಟು ಗಾಳಿ ಇದ್ರೆ ಇತ್ಲಾಗೆ ಬಂದು ಇದ್ದಿಲಾದ್ರೂ ಊದಿ, ಮೀನು ಬೇಯ್ಲಿ" ಎಂದಳು. ಗುರುಗಳು ನನ್ನ ಕೆನ್ನೆಗಳನ್ನು ನೋಡಿ ನಿಟ್ಟುಸಿರು ಬಿಟ್ಟು "ಇದೇನು ಕ್ರೇನಾ ಮಾರಾಯ್ರೇ, ಎತ್ತು ಅಂತ ಆರ್ಡರ್ ಕೊಡೋಕೆ? ಊದ್ಬೇಡಿ. ಸುಮ್ನೆ ಉಸಿರು ಬಿಡಿ" ಎಂದರು. ಊದಲಿಕ್ಕೆಂದೇ ಕಾಡಿನಿಂದ ಬೇರುಸಮೇತ ಅಗೆದು ತಂದ ವಸ್ತುವನ್ನು ಊದಬಾರದೆಂಬ ಈ ನಿಯಮ ತಮ್ಮ ಹಿರಿಮೆಗೆ ತಕ್ಕದ್ದೇ ಆಗಿದೆ.

ಕೊನೆಗೆ ಪ್ಲಮ್ ಹೂ ಬಿಡುವ ಕಾಲದ ಒಂದು ಸಂಜೆ ತಾವು ಬಾಯಿ ಬಿಟ್ಟಿರಿ. ಆಗ ನನಗಾದ ಸಂತೋಷವನ್ನು ಬಣ್ಣಿಸಲಾರೆ, ಏಕೆಂದರೆ ಬಣ್ಣಿಸುವಷ್ಟು ಹೊತ್ತು ಅದು ಉಳಿಯಲಿಲ್ಲ. ತಾವು 'ಪೂ' ಎಂದಿರಿ, ಆಮೇಲೆ ದನಿ ಒಡೆದು 'ಪೇ' ಎಂದಿರಿ. ಪೂ, ಪೇ. ಈ ಊರಿನಲ್ಲಿ ಹಾಗೆ ಕೂಗುವುದು ಒಂದೇ ಒಂದು, ತೋಫು ಮಾರುವ ನಿಶಿಹಾರಾನ ಹಿತ್ತಾಳೆ ತುತ್ತೂರಿ. ಅವನ ಸೈಕಲ್ಲು ನಮ್ಮ ಮೆಟ್ಟಿಲು ಹತ್ತುವಂತಿಲ್ಲ. ಆದ್ದರಿಂದ ಅವನು ಕೆಳಗೆ ರೈಲ್ವೆ ಗೇಟಿನ ಬಳಿ ನಿಂತು ತುತ್ತೂರಿ ಊದುತ್ತಾನೆ, ಗುಡ್ಡದ ಹೆಂಗಸರು ಪಾತ್ರೆ ಹಿಡಿದು ಇಳಿಯುತ್ತಾರೆ. ಆ ಸಂಜೆಯೂ ಇಳಿದರು. ಸೊಂಟ ಹಿಡಿದವರು, ಮಂಡಿ ನೋವಿನವರು, ಕೋಲು ಊರುವವರು, ಎಲ್ಲರೂ ಗೇಟಿನವರೆಗೆ ಹೋಗಿ, ಬರಿ ಹಳಿಗಳನ್ನು ಕಂಡು, ಖಾಲಿ ಪಾತ್ರೆಯೊಂದಿಗೆ ಹತ್ತಿ ಬಂದರು. ನಾನು ದೀಪ ಆರಿಸಿ ಕೂತೆ.

ಮರುದಿನವೂ ಅದೇ ಕಥೆ, ಅದರ ಮರುದಿನವೂ ಅದೇ. ಬೆಳಿಗ್ಗೆ ತಮ್ಮ ಕಾಲು ಹಿಡಿದರೂ ನುಡಿಯದ ತಾವು ಸಂಜೆ ಅಡುಗೆಯ ಹೊತ್ತಿಗೆ ಸರಿಯಾಗಿ ಗಂಟಲು ಸರಿಪಡಿಸಿಕೊಳ್ಳುತ್ತಿದ್ದಿರಿ. ಹಿಂದಿನ ಕಾಲದ ಶಾಕುಹಾಚಿ ಸನ್ಯಾಸಿಗಳು ಮುಖ ಪೂರ್ತಿ ಮುಚ್ಚುವ ಬುಟ್ಟಿಯನ್ನು ತಲೆಗೆ ಹಾಕಿಕೊಂಡು ಊರೂರು ಅಲೆಯುತ್ತಿದ್ದರಲ್ಲ, ಅದು ವೈರಾಗ್ಯಕ್ಕೆಂದು ನಾನು ಬಹಳ ಕಾಲ ನಂಬಿದ್ದೆ. ಅವರೂ ಕಲಿಯುವವರೇ ಆಗಿದ್ದರು, ಅಕ್ಕಪಕ್ಕದವರಿಗೆ ಗುರುತು ಸಿಗಬಾರದಿತ್ತು ಎಂಬುದು ಈಗ ಅರ್ಥವಾಗಿದೆ.

ನಿಶಿಹಾರಾ ಮನೆಗೆ ಬಂದ. ಜಗಳಕ್ಕೆ ಬಂದವನೆಂದು ತಿಳಿಯಬೇಡಿ. ದೂರು ಹೇಳಲು ಬರುವವನು ಬರಿಗೈಯಲ್ಲಿ ಬರಬಾರದಲ್ಲ, ಎರಡು ಗಡ್ಡೆ ಮೆತ್ತನೆಯ ತೋಫು ತಂದಿದ್ದ. ಟೋಪಿ ತೆಗೆದು, ಬಹಳ ಹೊತ್ತು ಬಾಗಿ, "ನಿಮ್ಮ ಕೊಳಲು ನನ್ನ ತುತ್ತೂರಿಗಿಂತ ದೂರ ಕೇಳ್ಸುತ್ತೆ ಕುರಾಹಾಶಿ ಅವ್ರೇ, ಕೇಳಿದ್ರೆ ಹೊಟ್ಟೆಕಿಚ್ಚಾಗುತ್ತೆ. ಒಂದೇ ತೊಂದ್ರೆ ಏನಂದ್ರೆ, ಈಗ ನಾನು ನಿಜವಾಗ್ಲೂ ಬಂದು ಊದಿದ್ರೂ, ಓ ಕುರಾಹಾಶಿ ಅವ್ರು ಅಭ್ಯಾಸ ಮಾಡ್ತಿದಾರೆ ಅಂತ ಯಾರೂ ಕೆಳಗಿಳಿಯಲ್ಲ" ಎಂದ. ನಾನು ನೆಲಕ್ಕೆ ಹಣೆ ತಾಗಿಸಿ ಕ್ಷಮೆ ಕೇಳಿದೆ. ಅವನ ಉಡುಗೊರೆಗೆ ಮರು ಉಡುಗೊರೆಯೆಂದು ಒಂದು ಬುಟ್ಟಿ ಹಸ್ಸಾಕು ಕಿತ್ತಳೆ ಕಳಿಸಿದೆ, ಅದಕ್ಕೆ ಮರುವುಡುಗೊರೆಯೆಂದು ಅವನು ಕರಿದ ತೋಫು ತಂದ, ಅದಕ್ಕೆ ನಾನು ಒಣಮೀನು ಕೊಟ್ಟೆ. ಹೀಗೆ ಕೊಟ್ಟು ತೆಗೆದುಕೊಳ್ಳುವುದರಲ್ಲಿ ದೂರಿನ ವಿಷಯವೇ ಮರೆತುಹೋಯಿತು. "ಇನ್ನೂ ಸ್ವಲ್ಪ ಜೋರಾಗೇ ಊದಿ, ನಮ್ಗೇನು ನಷ್ಟ" ಎಂದಳು ಫುಸಾಯೆ.

ನನ್ನನ್ನು ಚುಚ್ಚುತ್ತಿದ್ದದ್ದು ಶಿಗೆನೋ ಅಜ್ಜಿಯ ಸಂಗತಿ. ಉಳಿದ ಹೆಂಗಸರು ಕ್ರಮೇಣ ಹುಷಾರಾದರು, ಕಿಟಕಿಯಿಂದ ಇಣುಕಿ ನೋಡಿಯೇ ಇಳಿಯತೊಡಗಿದರು. ಅಜ್ಜಿ ಮಾತ್ರ ತಾವು ಪೂ ಎಂದ ಪ್ರತಿ ಸಂಜೆಯೂ ಪಾತ್ರೆ ಹಿಡಿದು ಇಳಿದು ಬರುತ್ತಿದ್ದರು. ಗೇಟಿನವರೆಗೆ ಹೋಗಿ, ವಾಪಸು ಹತ್ತುವಾಗ ನನ್ನ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದರು. ನಾನು ನಾಚಿ ಹೊರಗೆ ಬಂದು ತಪ್ಪಾಯಿತೆಂದರೆ "ಇರ್ಲಿ ಬಿಡಿ, ಮಂಡಿಗೆ ಒಳ್ಳೇದು" ಎನ್ನುತ್ತಿದ್ದರು. ಗಂಡನನ್ನು ಕರೆಯಬೇಕಾದ ಕೊಳಲು ಹೆಂಡತಿಯನ್ನು ದಿನವೂ ಮೋಸ ಮಾಡಿ ಮೆಟ್ಟಿಲು ಇಳಿಸಿ ಹತ್ತಿಸುತ್ತಿದೆಯಲ್ಲ ಎಂದು ನನಗೆ ತಮ್ಮ ಮೇಲೆ ನಿಜವಾಗಿಯೂ ಸಿಟ್ಟು ಬಂತು. ಆಗ ತಮ್ಮಲ್ಲಿ ಮಾಡಿಕೊಂಡ ವಿನಂತಿಗಳು ತಮಗೆ ನೆನಪಿರಬಹುದು. ಸಂಜೆಯ ಹೊತ್ತು ತಾವು ರಜೆ ಹಾಕಬೇಕು, ಅಥವಾ ಬೇರೆ ಯಾರಾದರೂ ಯೋಗ್ಯರ ತುಟಿಗೆ ವರ್ಗ ಮಾಡಿಸಿಕೊಳ್ಳಬೇಕು, ಅಥವಾ ಇದೇ ದನಿ ಇಷ್ಟವೆಂದಾದರೆ ಸೋಯಾ ಕಾಳು ನೆನೆಸಿ ರುಬ್ಬುವುದನ್ನೂ ಕಲಿತು ಪ್ರತಿ ಮನೆಗೆ ತಾವೇ ತೋಫು ಮುಟ್ಟಿಸಬೇಕು.

ಕೊನೆಗೆ ನಾನು ತಮ್ಮನ್ನು ಬಗಲಿಗೆ ಹಾಕಿಕೊಂಡು ದೋಣಿಕಟ್ಟೆಯ ತುದಿಗೆ ಹೋಗತೊಡಗಿದೆ. ಅಲ್ಲಿ ಕೇಳುವವರೆಂದರೆ ಹದ್ದುಗಳು ಮತ್ತು ಗಾಳ ಹಾಕುವವರು, ಇಬ್ಬರಿಗೂ ತೋಫು ಬೇಕಿಲ್ಲ. ಜುಲೈನಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ರೋ ಗಟ್ಟಿಯಾಯಿತು. ಆಮೇಲೆ ಕಾನೆಹಾರು ಸಂಜೆಗಳಲ್ಲಿ ಊದುತ್ತಿದ್ದ ಒಂದು ಪುಟ್ಟ ರಾಗವೂ ಬಂತು, ನಡುವೆ ಒಂದು ಕಡೆಯೂ ಪೇ ಎನ್ನದೆ ಬಂತು. ಗುರುಗಳು ಕಣ್ಣು ಮುಚ್ಚಿ ಕೇಳಿ "ಹೂಂ" ಎಂದರು. ಅವರು ಇನ್ನೊಬ್ಬ ಶಿಷ್ಯನಿಗೆ ಹೂಂ ಎಂದದ್ದನ್ನು ನಾನು ಕೇಳಿಲ್ಲ.

ಓಬೊನ್ ಹಬ್ಬದ ಮೊದಲ ಸಂಜೆ ಬಂತು. ಶಿಗೆನೋ ಅಜ್ಜಿಯ ಬಾಗಿಲಲ್ಲಿ ಹೊಸ ಸಾವಿನ ಮನೆಯ ಬಿಳಿ ಲಾಂದ್ರ ತೂಗಿತ್ತು. ಮಣ್ಣಿನ ತಟ್ಟೆಯಲ್ಲಿ ಸೆಣಬಿನ ಕಡ್ಡಿಯ ಸ್ವಾಗತದ ಬೆಂಕಿ ಹೊತ್ತಿಸಿದರು. ಗುರುಗಳಿದ್ದರು, ಫುಸಾಯೆ ಇದ್ದಳು, ಮೆಟ್ಟಿಲುಗಳ ಮೇಲೆ ನೆರೆಯವರು ನಿಂತಿದ್ದರು. ನಾನು ಲಾಂದ್ರದ ಕೆಳಗೆ ಕೂತು, ತಮ್ಮನ್ನು ಹಣೆಗೊತ್ತಿಕೊಂಡು, ಗಲ್ಲಕ್ಕಿಟ್ಟು, ಊದದೆ, ಹೇಳಿಕೊಟ್ಟ ಹಾಗೆಯೇ ಸುಮ್ಮನೆ ಉಸಿರು ಬಿಟ್ಟೆ.

ಪೂ, ಪೇ.

ಕೆಳಗಿನ ಓಣಿಯಲ್ಲಿ ಯಾರದೋ ಬಾಗಿಲು ಸರಿಯಿತು. ಒಬ್ಬಾಕೆ ಪಾತ್ರೆ ಹಿಡಿದು ಹೊರಗೆ ಬಂದವಳು ಬೆಂಕಿಯನ್ನು ಕಂಡು ನಿಂತಲ್ಲೇ ನಿಂತಳು. ಗುರುಗಳು ಆಕಾಶ ನೋಡಿದರು. ಮತ್ತೆ ಪ್ರಯತ್ನಿಸಿದೆ, ತಾವು ಮತ್ತೆ ಅದನ್ನೇ ನುಡಿದಿರಿ. ಒಬ್ಬ ಗೆಳೆಯ ಒಂದೇ ಒಂದು ಸಲ ನನ್ನ ಉಸಿರನ್ನು ನಂಬಿ ಅಷ್ಟು ದೂರದಿಂದ ಇಳಿದು ಬರುವವನಿದ್ದ, ನಾನು ಅವನಿಗೆ ತಪ್ಪು ಸನ್ನೆ ಕೊಟ್ಟೆ ಎನಿಸಿ ತಮ್ಮನ್ನು ತುಟಿಯಿಂದ ಇಳಿಸಿದೆ.

ಆಗ ಶಿಗೆನೋ ಅಜ್ಜಿ ನಕ್ಕರು. ಬಾಯಿಗೆ ಸೆರಗಿನಂತೆ ತೋಳು ಅಡ್ಡ ಹಿಡಿದು, ಭುಜ ಕುಲುಕುವಷ್ಟು ನಕ್ಕರು. "ಅಯ್ಯೋ, ಇದೇ ಕಣ್ರೀ, ಇದೇ! ಮದುವೆಯಾದ ಹೊಸದ್ರಲ್ಲಿ ಅವ್ರು ಕಲೀತಿದ್ದಾಗ ಹೀಗೇ ಊದ್ತಿದ್ರು. ನಾನು ತೋಫು ಬಂತು ಅಂತ ಪಾತ್ರೆ ಹಿಡ್ಕೊಂಡು ಓಡೋಳು, ಬರಿಗೈಲಿ ಹತ್ತಿ ಬಂದು ಬಯ್ಯೋಳು, ಅವ್ರು ಹೊಟ್ಟೆ ಹಿಡ್ಕೊಂಡು ನಗೋರು. ಆಮೇಲೆ ಚೆನ್ನಾಗಿ ಕಲಿತ್ಬಿಟ್ರು, ಆ ಸದ್ದು ಮತ್ತೆ ಕೇಳ್ಳೇ ಇಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ನಾನೇನು ದಿನಾ ತೋಫುಗೆ ಅಂತ ಇಳೀತಿದ್ದೆ ಅಂದ್ಕೊಂಡ್ರಾ? ಪಾತ್ರೆ ಸುಮ್ನೆ ಹಿಡ್ಕೊಂಡು ಬರ್ತಿದ್ದೆ. ಕೇಳೋಕೆ ಬರ್ತಿದೀನಿ ಅಂದ್ರೆ ನೀವು ನಾಚ್ಕೊಂಡು ನಿಲ್ಲಿಸ್ಬಿಡ್ತಿದ್ರಿ" ಎಂದರು. ಒಳಗೆ ಹೋಗಿ ಆ ಹಳೆಯ ಪಾತ್ರೆಯನ್ನು ತಂದು ಬೆಂಕಿಯ ಪಕ್ಕದಲ್ಲಿಟ್ಟು, ಕತ್ತಲಾಗುತ್ತಿದ್ದ ಮೆಟ್ಟಿಲುಗಳ ಕಡೆ ಮುಖ ಮಾಡಿ, ಹೊಸ ಮದುವಣಗಿತ್ತಿಯ ಜೋರಿನಲ್ಲಿ ಕೂಗಿದರು: "ಬನ್ನಿ ಬನ್ನಿ, ಕಂಡಿದೀನಿ ನಿಮ್ಮಾಟ! ಇವತ್ತೂ ತೋಫು ಇಲ್ಲ!"

ನಾನು ಅತ್ತುಬಿಟ್ಟೆ, ಮಾನ್ಯರೇ. ಫುಸಾಯೆ ಅದು ಹೊಗೆಯಿಂದ ಎಂದು ಎಲ್ಲರಿಗೂ ಹೇಳಿದಳು.

ಹೀಗಿರುವಾಗ ನನ್ನ ದೂರು ಏನೆಂದರೆ, ಯಾವ ದನಿ ಬೇಕಾಗಿತ್ತೆಂಬುದು ತಮಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಹೇಳದೆ, ನನ್ನನ್ನು ಹದ್ದುಗಳ ಮುಂದೆ ಕೂರಿಸಿ, ಯಾರಿಗೂ ಬೇಡದ ಸರಿಯಾದ ರಾಗವನ್ನು ಕಲಿಯಲು ಬಿಟ್ಟಿರಿ. ಸಾಲದ್ದಕ್ಕೆ, ಓಬೊನ್ ಮುಗಿದ ಮರುದಿನ ಬೆಳಿಗ್ಗೆ ಅದೇ ರಾಗವನ್ನು ಒಂದು ಎಳೆಯೂ ತಪ್ಪದೆ ನುಡಿದಿರಿ, ಕೇಳಲಿಕ್ಕೆ ಮಲಗಿದ್ದ ಬೆಕ್ಕೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಈ ದೂರನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಒಂದು ಬೇಡಿಕೆಯಿದೆ, ಅದನ್ನು ಈಡೇರಿಸುವುದು ತಮ್ಮಂಥ ಸಮರ್ಥರಿಗೂ ಕಷ್ಟವಾದೀತು. ಮುಂದೆ ನಾನು ಎಷ್ಟೇ ಚೆನ್ನಾಗಿ ಕಲಿತರೂ, ಗುರುಗಳು ಎಷ್ಟು ಸಲ ಹೂಂ ಎಂದರೂ, ವರ್ಷಕ್ಕೊಂದು ಸಂಜೆ, ಶಿಗೆನೋ ಅಜ್ಜಿ ಆ ಬಾಗಿಲಲ್ಲಿ ಕೂತಿರುವವರೆಗೆ, ದಯಮಾಡಿ ತಾವು ಹೀಗೆಯೇ ಕೆಟ್ಟದಾಗಿ ನುಡಿಯಬೇಕು.

ಉಸಿರಿರುವವರೆಗೂ ತಮ್ಮ ತಾಳಕ್ಕೆ ಕುಣಿಯಲಿರುವ,
ತಮ್ಮ ವಿಶ್ವಾಸಿ,
ಕುರಾಹಾಶಿ ಮೊರಿಯೋ

ಮರೆತ ಮಾತು: ನಿನ್ನೆ ಸಂಜೆ ತಾವು ಚೀಲದೊಳಗೆ, ನಾನು ಸ್ನಾನದ ತೊಟ್ಟಿಯೊಳಗೆ ಇದ್ದಾಗ, ನಿಶಿಹಾರಾ ಗೇಟಿನ ಬಳಿ ಬಂದು ತನ್ನ ತುತ್ತೂರಿ ಊದಿದ. ಒಬ್ಬರೂ ಕೆಳಗಿಳಿಯಲಿಲ್ಲ. ಶಿಗೆನೋ ಅಜ್ಜಿ ಮಾತ್ರ ಕಿಟಕಿ ತೆರೆದು ನನ್ನ ಮನೆಯ ಕಡೆಗೆ ಕೂಗಿದರು: "ಇವತ್ತಂತೂ ಬಹಳ ಚೆನ್ನಾಗಿ ಊದಿದ್ರಿ ಕುರಾಹಾಶಿ ಅವ್ರೇ!" ನಾನು ತೊಟ್ಟಿಯಲ್ಲಿ ಕೂತೇ ತಲೆಬಾಗಿಸಿ ವಂದಿಸಿದೆ.