ಭಾವ ಮತ್ತು ಸಾಹೇಬರ ಹುಲ್ಲಿನ ಮಿಷನ್ನು

ನಮ್ಮ ಭಾವನಿಗೆ ಕೆಟ್ಟುಹೋದ ವಸ್ತುಗಳ ಮೇಲೆ ಎಷ್ಟು ಪ್ರೀತಿಯೆಂದರೆ, ಸರಿಯಾಗಿ ನಡೆಯುತ್ತಿರುವ ಯಾವುದನ್ನು ಕಂಡರೂ ಅವರ ಮುಖ ಸಣ್ಣಗಾಗುತ್ತಿತ್ತು. ನೆಂಟರ ಮನೆಗೆ ಹೋದವರು ಮೊದಲು ಕ್ಷೇಮಸಮಾಚಾರ ಕೇಳುತ್ತಾರೆ. ಭಾವ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದುದು, "ಏನಾದ್ರೂ ಕೆಟ್ಟೈತಾ?" ಎಂದು. ಏನೂ ಕೆಟ್ಟಿಲ್ಲವೆಂದರೆ ಊಟ ಮುಗಿಸಿ ಹೊರಟೇಬಿಡುತ್ತಿದ್ದರು!

ಅವರು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ನೇಯುತ್ತಿದ್ದರು ಎನ್ನುವುದಕ್ಕಿಂತ, ನೇಯಬೇಕಾಗಿತ್ತು ಎನ್ನುವುದು ಸರಿ. ಒಬ್ಬರ ಮನೆಯ ಮಗ್ಗ ಬಿಗಿಯಾಯಿತು, ಇನ್ನೊಬ್ಬರ ಬಾವಿಯ ರಾಟೆ ಕಿರುಗುಟ್ಟಿತು, ದರ್ಜಿಯ ಹೊಲಿಗೆ ಮಿಷನ್ನು ದಾರ ನುಂಗಿತು ಎಂದು ಕರೆ ಬಂದರೆ, ಕೈಯಲ್ಲಿದ್ದ ಲಾಳಿಯನ್ನು ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದರು. ಅರ್ಧ ನೇಯ್ದ ಸೀರೆ ವಾರಗಟ್ಟಲೆ ಹಾಗೇ ನಿಂತಿರುತ್ತಿತ್ತು. "ಊರಾಗಿನ ಮಗ್ಗ ಎಲ್ಲಾ ಓಡ್ತಾವೆ, ನಮ್ಮನೇದು ಒಂದು ಬಿಟ್ಟು," ಎಂದು ನಮ್ಮಕ್ಕ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಗಂಡನನ್ನು ಕಂಡು ನಗುವುದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ.

ಭಾವನ ರಿಪೇರಿಯ ಕ್ರಮವೇ ಬೇರೆ. ಉಳಿದವರು ಯಂತ್ರವನ್ನು ಬಿಚ್ಚಿದರೆ ಭಾವ ಮನುಷ್ಯರನ್ನು ವಿಚಾರಣೆ ಮಾಡುತ್ತಿದ್ದರು. ಚಳ್ಳಕೆರೆಯ ನಮ್ಮ ಮನೆಯ ಗೋಡೆ ಗಡಿಯಾರ ನಿಂತುಹೋದಾಗಲೂ ಹಾಗೇ ಆಯಿತು. ಗಡಿಯಾರದ ಕಡೆ ತಿರುಗಿಯೂ ನೋಡದೆ ಮನೆಯವರನ್ನೆಲ್ಲ ಸಾಲಾಗಿ ಕೂರಿಸಿ ಕೇಳಿದರು:

"ಕೊನೇ ಸಲ ಓಡ್ತಿದ್ದಾಗ ಹತ್ರ ಯಾರಿದ್ರಿ?"

"ನಾನೇ ಇದ್ದೆ. ನಾನೇನು ಅದರ ಕುತ್ತಿಗೆ ಹಿಸುಕಿದ್ನೇನಪ್ಪಾ?" ಎಂದಳು ನಮ್ಮವ್ವ.

ಭಾವ ಎದ್ದು, ಗಡಿಯಾರದ ಬಾಗಿಲು ತೆರೆದು, ಲೋಲಕದ ಹಿಂದೆ ಕೈಹಾಕಿದರು. ಒಂದು ಪುಟ್ಟ ನಶ್ಯದ ಡಬ್ಬಿ ಹೊರಗೆ ಬಂತು! ಅವ್ವ ನಶ್ಯ ಹಾಕುತ್ತಾಳೆಂಬುದು ಮೂವತ್ತು ವರ್ಷ ಜೊತೆಗಿದ್ದ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಗಡಿಯಾರ ಟಿಕ್ ಟಿಕ್ ಎಂದು ಹೊರಟಿತು. ಅವ್ವ ಮಾತ್ರ ಅಳಿಯನ ಜೊತೆ ಮೂರು ತಿಂಗಳು ಮಾತು ಬಿಟ್ಟಳು. ಊರಿಗೆ ಹೊರಟಾಗ ಭಾವ ಪೆಚ್ಚುಮೋರೆ ಹಾಕಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ಗಡಿಯಾರ ಸರಿಹೋಯ್ತು ಕಣೋ, ಅತ್ತೆ ಕೆಟ್ಟೋದ್ರು."

ಇಂಥ ಭಾವನನ್ನು ನಾನು ಸಾಹೇಬರ ಮುಂದೆ ಹೊಗಳಬಾರದಾಗಿತ್ತು. ಹೊಗಳಿಬಿಟ್ಟೆ.

ಆಗ ನಾನು ಚಳ್ಳಕೆರೆಯ ಕಚೇರಿಯಲ್ಲಿ ಗುಮಾಸ್ತ. ಮೋಟಾರು ಬಸ್ಸು ನಮ್ಮ ಕಡೆಗೆ ಆಗತಾನೇ ಬರತೊಡಗಿದ್ದ ಕಾಲ. ಹೊಸದಾಗಿ ಬಂದ ಸಾಹೇಬರು ಬಂಗಲೆಯ ಮುಂದೆ ಹಸಿರು ಹುಲ್ಲು ಬೆಳೆಸಿದ್ದರು. ನಮ್ಮ ಸೀಮೆಯಲ್ಲಿ ಹುಲ್ಲೆಂದರೆ ಮಳೆ ಬಿದ್ದಾಗ ತಾನೇ ಹುಟ್ಟಿ, ಕುರಿ ಬಂದಾಗ ತಾನೇ ಮುಗಿಯುವ ಪದಾರ್ಥ. ಅದಕ್ಕೆ ಬಾವಿಯಿಂದ ನೀರು ಸೇದಿ ಹೊಯ್ಯುವುದನ್ನು ನೋಡಲು ಜನ ಬೇಲಿಯಾಚೆ ನಿಲ್ಲುತ್ತಿದ್ದರು. ವಾರಕ್ಕೆ ಎರಡು ಸಲ ಒಬ್ಬ ಮುದುಕಿ ಬಂದು, ಕುಕ್ಕುರುಗಾಲಲ್ಲಿ ಕೂತು, ಆ ಹುಲ್ಲನ್ನು ಕುಡುಗೋಲಿನಿಂದ ಒಂದೇ ಸಮಕ್ಕೆ ಕೊಯ್ಯುತ್ತಿದ್ದಳು. ಆಂಧ್ರದ ಗಡಿ ಕಡೆಯವಳು, ಹಿಂದೆಮುಂದೆ ಯಾರೂ ಇಲ್ಲದವಳು. ಕೊಯ್ದ ಹುಲ್ಲೇ ಅವಳ ಕೂಲಿ. ಅದನ್ನು ಹೊರೆ ಕಟ್ಟಿ ಒಯ್ದು ತನ್ನ ಒಂದೇ ಒಂದು ಎಮ್ಮೆಗೆ ಹಾಕುತ್ತಿದ್ದಳು. ಎಮ್ಮೆಯ ಹಾಲಿನಲ್ಲಿ ಅವಳ ಜೀವನ.

ಸಾಹೇಬರಿಗೆ ಅವಳ ಕೊಯ್ಲು ಸಮಾಧಾನ ತರಲಿಲ್ಲ. ಹುಲ್ಲು ಕತ್ತರಿಸುವುದಕ್ಕೆಂದೇ ಪೆಟ್ರೋಲಿನ ಮಿಷನ್ನು ತರಿಸಿದರು. ಅದು ಬಂದ ದಿನ ಅರ್ಧ ಊರು ಸೇರಿತ್ತು. ಹಿಡಿಕೆ ತಿರುಗಿಸಿದೊಡನೆ ಹೊಗೆ ಉಗುಳಿ, ಗುಡುಗಿ, ಒಂದು ಗಳಿಗೆಯಲ್ಲಿ ಅಂಗಳವನ್ನೆಲ್ಲ ಬೋಳಿಸಿ ಹಾಕಿತು. ಹುಲ್ಲು ಪುಡಿಪುಡಿಯಾಗಿ ಎಣ್ಣೆ ವಾಸನೆ ಹೊಡೆಯುತ್ತಿತ್ತು. ಮುದುಕಿ ಅದನ್ನೇ ಸೆರಗಿನಲ್ಲಿ ತುಂಬಿಕೊಂಡು ಹೋದಳು. ಎಮ್ಮೆ ಮೂಸಿ ಮುಖ ತಿರುಗಿಸಿತಂತೆ.

"ಮುಂದಿನ ವಾರದಿಂದ ನೀನು ಬರೋದು ಬೇಡಮ್ಮ," ಎಂದರು ಸಾಹೇಬರು. ಕೆಟ್ಟ ಮನುಷ್ಯರಲ್ಲ, ಮೆತ್ತಗೇ ಹೇಳಿದರು.

ಆದರೆ ಮುಂದಿನ ವಾರ ಮಿಷನ್ನು ಮಿಸುಕಲಿಲ್ಲ!

ಬಸ್ಸು ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಸಾಬರನ್ನು ಕರೆಸಿದರು. ಅವರು ಪೆಟ್ರೋಲು ನೋಡಿದರು, ಚೆನ್ನಾಗಿತ್ತು. ಪ್ಲಗ್ಗು ಬಿಚ್ಚಿ ಒರೆಸಿದರು, ಕಿಡಿ ಬರುತ್ತಿತ್ತು. ಗಾಳಿ ಹೋಗುವ ದಾರಿ ಊದಿದರು, ಸಲೀಸಾಗಿತ್ತು. ಹಿಡಿಕೆ ತಿರುಗಿಸಿ ತಿರುಗಿಸಿ ಅವರ ರಟ್ಟೆ ಸೋತಿತು. "ಸಬ್ ಠೀಕ್ ಐತೆ ಸಾಬ್. ಆದ್ರೆ ಎದ್ದೇಳಲ್ಲ ಅಂತೈತೆ," ಎಂದು ಕೈಚೆಲ್ಲಿದರು. ಶುಕ್ರವಾರ ಮೇಲಿನ ಅಧಿಕಾರಿಗಳು ಬಂಗಲೆಗೆ ಬರುವವರಿದ್ದರು. ಅವರಿಗೆ ಮಿಷನ್ನು ಓಡಿಸಿ ತೋರಿಸಬೇಕೆಂದು ಸಾಹೇಬರಿಗೆ ಆಸೆ. ಅವರು ಪೆಚ್ಚಾಗಿ ಕೂತಿದ್ದುದನ್ನು ನೋಡಲಾರದೆ ನಾನು ಬಾಯಿಬಿಟ್ಟೆ: "ನಮ್ಮ ಭಾವ ಒಬ್ಬರಿದ್ದಾರೆ ಸ್ವಾಮಿ. ಇವತ್ತಿನವರೆಗೂ ಯಾವ ಯಂತ್ರದ ಮುಂದೆಯೂ ಸೋತವರಲ್ಲ."

"ಸೋತರೆ?" ಎಂದರು ಸಾಹೇಬರು.

"ಸೋತರೆ ನನ್ನನ್ನು ಕೇಳಿ," ಎಂದೆ. ಇಂಥ ಮಾತು ಯಾವ ಬುದ್ಧಿವಂತ ಗುಮಾಸ್ತನಾದರೂ ಆಡುತ್ತಾನೆಯೇ?

ಭಾವ ಗುರುವಾರದ ಬಸ್ಸಿಗೇ ಬಂದಿಳಿದರು. ಮದುವೆಗೆ ಬಂದವರ ಹಾಗೆ ಶುಭ್ರವಾದ ಪಂಚೆ ಉಟ್ಟಿದ್ದರು. ನೇರ ಬಂಗಲೆಗೆ ಹೋಗಿ, ಮಿಷನ್ನಿಗೆ ಬೆನ್ನುಹಾಕಿ ಕೂತು ವಿಚಾರಣೆ ಶುರುಮಾಡಿದರು. ಅಡುಗೆಯವನನ್ನು ಕೇಳಿದರು, ನೀರು ಸೇದುವವನನ್ನು ಕೇಳಿದರು, ಕಾವಲುಗಾರನನ್ನು ಕೇಳಿದರು. "ಕೊನೇ ಸಲ ಓಡಿದ ಮ್ಯಾಲೆ ಇದರ ಹತ್ರ ಯಾರು ಬಂದಿದ್ರಿ?" ಯಾರೂ ಬಂದಿರಲಿಲ್ಲ. ಸಾಹೇಬರನ್ನೂ ಕೇಳಿಬಿಟ್ಟರು! ಸಾಹೇಬರು ಪಾಪ, ಶಾಲೆಯ ಹುಡುಗನಂತೆ, "ನಾನೂ ಮುಟ್ಟಿಲ್ಲ," ಎಂದು ಹೇಳಿ ಒಳಗೆ ಹೋದರು.

ಕೊನೆಗೆ ಉಳಿದವಳು ಹುಲ್ಲು ಕೊಯ್ಯುತ್ತಿದ್ದ ಮುದುಕಿ. ಮಿಷನ್ನು ಕೆಟ್ಟಿದ್ದರಿಂದ ಅವಳನ್ನು ಮತ್ತೆ ಕರೆಸಿದ್ದರು. ಭಾವ ಅವಳನ್ನು ಏನೂ ಕೇಳಲಿಲ್ಲ. ಅವಳು ಕೊಯ್ಯುವುದನ್ನೇ ಸ್ವಲ್ಪ ಹೊತ್ತು ನೋಡಿದರು. ಅವಳು ಈ ಕಡೆ ಒಮ್ಮೆಯೂ ತಲೆ ಎತ್ತಲಿಲ್ಲ. ಭಾವ ಎದ್ದು, ಮಿಷನ್ನಿನ ಹಿಂದೆ ಬಗ್ಗಿ, ಹೊಗೆ ಹೋಗುವ ಕೊಳವೆಯೊಳಗೆ ಬೆರಳು ಹಾಕಿದರು. ನಾನು ಪಕ್ಕದಲ್ಲೇ ಇದ್ದೆ. ಬೆರಳಿನ ಜೊತೆ ಒಂದು ಹಿಡಿ ಹುಲ್ಲು ಈಚೆ ಬಂತು. ಒನಕೆಯಿಂದ ಕುಟ್ಟಿದ ಹಾಗೆ ಗಟ್ಟಿಯಾಗಿ ತುಂಬಿದ್ದ ಹುಲ್ಲು.

ನನಗೆ ಸಂತೋಷದಿಂದ ಕೂಗಬೇಕೆನ್ನಿಸಿತು. ಭಾವ ಕಣ್ಣಲ್ಲೇ ನನ್ನ ಬಾಯಿ ಮುಚ್ಚಿಸಿದರು. ಮುದುಕಿಯ ಎದುರು ಹೋಗಿ ಕುಕ್ಕುರುಗಾಲಲ್ಲಿ ಕೂತು, ಆ ಹುಲ್ಲನ್ನು ಅಂಗೈಯಲ್ಲಿ ತೋರಿಸಿದರು.

"ಏಮಮ್ಮಾ, ಏನಿದು?"

ಅವಳ ಕುಡುಗೋಲು ನಿಂತಿತು. ಆದರೂ ಧ್ವನಿ ಗಟ್ಟಿಯಾಗೇ ಇತ್ತು: "ಹುಲ್ಲು ತಿನ್ನಾಕೆ ಬಂದೈತೆ ಅಂದ್ರಲ್ಲ ಸ್ವಾಮಿ. ಅದಕ್ಕೇ ತಿನ್ನಿಸ್ದೆ."

ಭಾವನಿಗೆ ನಗು ಬಂತೆಂದು ಕಾಣುತ್ತದೆ, ತಡೆದುಕೊಂಡರು. ಅವಳು ಈಗ ಕೈಮುಗಿದಳು. "ಎಮ್ಮೆಗೆ ತಿಂಗಳು ತುಂಬೈತೆ. ಇವತ್ತೋ ನಾಳೆಯೋ ಈಯ್ತೈತೆ. ಅಲ್ಲೀ ತಂಕ ಮಿಷನ್ನು ಸುಮ್ಕಿರ್ಲಿ ಅಂತ..." ಎಂದು ಮಾತು ಮುಗಿಸದೆ ಸೆರಗು ಬಾಯಿಗೆ ಒತ್ತಿಕೊಂಡಳು.

ಅಷ್ಟರಲ್ಲಿ ಸಾಹೇಬರು ಮಿಸ್ತ್ರಿ ಸಾಬರೊಂದಿಗೆ ಹೊರಗೆ ಬರುತ್ತಿರುವ ಸದ್ದಾಯಿತು. ಭಾವ ಸರಸರನೆ ಮಿಷನ್ನಿನ ಹತ್ತಿರ ಬಂದರು. ಬಂದು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಆ ಹುಲ್ಲನ್ನು ಮತ್ತೆ ಕೊಳವೆಯೊಳಗೆ ತುರುಕಿದರು!

ಸಾಹೇಬರು ಆಸೆಯಿಂದ ಕೇಳಿದರು, "ಏನಾಗಿದೆ?"

ಭಾವ ಪಂಚೆಗೆ ಕೈ ಒರೆಸಿಕೊಂಡರು. "ಗೊತ್ತಾಗ್ಲಿಲ್ಲ ಸ್ವಾಮಿ. ಇದು ನನ್ ಕೈಲಿ ಆಗಲ್ಲ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಹುಟ್ಟಿದಾಗಿನಿಂದ ಆ ಮಾತು ಆಡದಿದ್ದ ಮನುಷ್ಯ, ಬೇಲಿಯಾಚೆ ಅಷ್ಟರಲ್ಲಿ ಬಂದು ಸೇರಿದ್ದ ಊರಿನವರ ಮುಂದೆ, ತಲೆ ತಗ್ಗಿಸಿ ನಿಂತಿದ್ದರು. ಯಾರೋ ಕಿಸಕ್ಕನೆ ನಕ್ಕರು. ಮಿಸ್ತ್ರಿ ಸಾಬರು ಒಮ್ಮೆ ಕೊಳವೆಯ ಕಡೆ ನೋಡಿದರು. ಅಲ್ಲಿ ಒಂದೆರಡು ಹುಲ್ಲಿನ ಎಳೆ ಹೊರಗೆ ಇಣುಕುತ್ತಿದ್ದವು. ಆಮೇಲೆ ಭಾವನ ಮುಖ ನೋಡಿದರು, ಆಮೇಲೆ ಮುದುಕಿಯನ್ನು. ಏನು ಅರ್ಥವಾಯಿತೋ, ಆ ಕೊಳವೆಗೆ ಅಡ್ಡವಾಗಿ ಬಂದು ನಿಂತು ಹೇಳಿದರು: "ಉಸ್ತಾದ್ ಆಗಲ್ಲ ಅಂದ ಮ್ಯಾಲೆ ಮುಗೀತು ಸಾಬ್. ಮೂಲೆಗೆ ಹಾಕ್ಸಿಬಿಡ್ರಿ."

ಸಾಹೇಬರು ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟದ ಫಲವಾಗಿ ಆರು ತಿಂಗಳು ದಫ್ತರದ ಕೋಣೆಯ ಧೂಳಿನಲ್ಲಿ ಕೂತೆ. ಮಿಷನ್ನಿಗೆ ಗೋಣಿ ಹೊದಿಸಿ ಕೊಟ್ಟಿಗೆಗೆ ತಳ್ಳಿದರು. ಶುಕ್ರವಾರ ಬಂದ ಅಧಿಕಾರಿಗಳು ಮುದುಕಿ ಕೊಯ್ದ ಹುಲ್ಲಿನ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿದು, ಅಂಗಳ ಬಲು ಚೆನ್ನಾಗಿದೆ ಎಂದು ಹೇಳಿ ಹೋದರಂತೆ.

ಬಸ್ಸಿನ ಹತ್ತಿರ ನಾನು ಸಿಟ್ಟಿನಿಂದ ಕೇಳಿದೆ, "ಹೀಗ್ಯಾಕೆ ಮಾಡಿದ್ರಿ ಭಾವ?"

"ಕೆಟ್ಟಿದ್ರೆ ಸರಿಮಾಡ್ತಿದ್ದೆ. ಅದು ಕೆಟ್ಟಿರ್ಲಿಲ್ಲವಲ್ಲೋ," ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಸೇರಿಸಿದರು: "ಲೇ, ನಿಮ್ಮಕ್ಕಂಗೆ ಹೇಳ್ಬ್ಯಾಡ."

ನಾನು ಹೇಳಲಿಲ್ಲ. ಆದರೆ ಭಾವ ಸೋತ ಸುದ್ದಿ ಅವರಿಗಿಂತ ಮೊದಲೇ ಮೊಳಕಾಲ್ಮೂರು ತಲುಪಿತ್ತು. ಹುಲ್ಲು ಕಂಡಲ್ಲೆಲ್ಲ ಜನ ಅವರನ್ನು ಛೇಡಿಸಿದರು. ರಿಪೇರಿಗೆ ಕರೆಯುವವರೂ ಕಡಿಮೆಯಾದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಮ್ಮಕ್ಕ. ಭಾವ ಸುಮ್ಮನೆ ಮಗ್ಗದ ಮುಂದೆ ಕೂತು ನೇಯುತ್ತಿದ್ದರು. ಹೀಗೆ ನಾಲ್ಕು ವರ್ಷ ಕಳೆಯಿತು.

ನಮ್ಮ ಮನೆಯಲ್ಲಿ ನನ್ನ ಮಗುವಿನ ನಾಮಕರಣ. ಮಧ್ಯಾಹ್ನದ ಪಂಕ್ತಿಗೆ ಎಲೆ ಹಾಕುವಾಗ ಅಕ್ಕ ಅಡುಗೆಮನೆಯಲ್ಲಿ ಹೆಂಗಸರಿಗೆ ಅದೇ ಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದಳು. ಅವತ್ತು ನನಗೆ ತಡೆಯಲಾಗಲಿಲ್ಲ. ಅವಳನ್ನು ಹಿತ್ತಿಲಿಗೆ ಕರೆದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅಕ್ಕ ಮುಖ ತೊಳೆದುಕೊಂಡಳು. ತುಪ್ಪದ ಪಾತ್ರೆ ತೆಗೆದುಕೊಂಡು ಪಂಕ್ತಿಗೆ ಹೋದಳು.

ನಾನು ಭಾವನ ಪಕ್ಕದ ಎಲೆಯಲ್ಲಿ ಕೂತಿದ್ದೆ. ಅಕ್ಕ ಬಂದು ಅವರ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಮತ್ತೆ ಹಾಕಿದಳು. "ಸಾಕು," ಎಂದರು ಭಾವ. ಅವಳಿಗೆ ಕೇಳಿಸಲಿಲ್ಲ. ಭಾವ ನಿಧಾನವಾಗಿ ನನ್ನ ಕಡೆ ಬಾಗಿದರು.

"ಲೇ, ಹೇಳ್ಬಿಟ್ಯಾ?"

"ಇಲ್ಲ ಭಾವ."

"ಮತ್ತೆ ಯಾಕಿಷ್ಟು ತುಪ್ಪ?"

ನಾನು ಎಲೆಯತ್ತ ಕಣ್ಣು ಇಳಿಸಿದೆ. ಹೋಳಿಗೆ ಮುಳುಗಿ, ತುಪ್ಪ ಎಲೆಯ ಅಂಚು ದಾಟಿ ನೆಲಕ್ಕೆ ಹರಿಯುತ್ತಿತ್ತು. ಅಕ್ಕ ಇನ್ನೂ ಬಡಿಸುತ್ತಲೇ ಇದ್ದಳು.