ಸಿಪ್ಪೆ ಎಣ್ಣೆಯ ಮಾಮಾ

ನಮ್ಮ ಸೋದರಮಾವನಿಗೆ ನೀವು ಹಣ್ಣು ಕೊಟ್ಟು ನೋಡಿ. ಸಿಪ್ಪೆ ತಾವಿಟ್ಟುಕೊಂಡು ತಿರುಳನ್ನು ನಿಮಗೇ ವಾಪಸು ಕೊಡುತ್ತಾರೆ! ಹುಚ್ಚೇನಲ್ಲ. ಅಫಜಲಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಆಮೇಲೆ ಅವರನ್ನು ಹಿಡಿದುಕೊಂಡದ್ದು ಒಂದೇ ಪ್ರಶ್ನೆ: ಮೋಸಂಬಿ, ಲಿಂಬೆಗಳ ಸಿಪ್ಪೆಯ ಎಣ್ಣೆಯಲ್ಲಿ ಕ್ರಿಮಿ ಕೊಲ್ಲುವಂಥದ್ದೇನಿದೆ?

ದಿನಾ ಬೆಳಿಗ್ಗೆ ಬಸ್ ನಿಲ್ದಾಣದ ಜ್ಯೂಸ್ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲತೊಡಗಿದರು.

"ಎಮ್ಮಿಗೇನ್ರಿ ಸರ್?" ಎಂದು ಅಂಗಡಿಯವನು ಕೇಳಿದನಂತೆ.

"ಅಲ್ಲೋ, ನನಗ!"

ಆವತ್ತಿನಿಂದ ಅವನು ಸಿಪ್ಪೆಯ ಜೊತೆಗೆ ಒಂದು ಗ್ಲಾಸ್ ಜ್ಯೂಸನ್ನೂ ಪುಕ್ಕಟೆ ಕೊಡತೊಡಗಿದ. ಪಾಪ, ಪೆನ್ಶನ್ ನಿಂತುಹೋಗಿದೆ ಎಂದುಕೊಂಡಿರಬೇಕು!

ಎಣ್ಣೆ ತೆಗೆಯುವ ಯಂತ್ರವೆಂದರೆ ಅತ್ತೆಯ ಕುಕ್ಕರ್. ಒಳಗೆ ಸಿಪ್ಪೆ, ನೀರು. ಸೀಟಿ ತೆಗೆದು ಅಲ್ಲಿ ನಳಿಕೆ ಸಿಕ್ಕಿಸಿ, ಅದನ್ನು ತಣ್ಣೀರಿನ ಬಕೆಟ್ಟಿನೊಳಗೆ ಹಾಯಿಸಿ ಬಾಟಲಿಗೆ ಇಳಿಸಿದ್ದರು. ಹನಿ ಹನಿಯಾಗಿ ಬಿದ್ದ ನೀರಿನ ಮೇಲೆ ಎಣ್ಣೆಯ ತೆಳು ಪದರ ತೇಲಿತು. ಮುಂದೆ ತಿಂಗಳುಗಟ್ಟಲೆ ಆ ಮನೆಯ ತೊಗರಿಬೇಳೆ ಮೋಸಂಬಿಯ ವಾಸನೆ ಹೊಡೆಯಿತು!

"ನೋಡವ್ವಾ, ಇದರಾಗ ಬಹುಪಾಲು ಲಿಮೊನೀನ್," ಎಂದು ನನಗೆ ಪಾಠ ಶುರುವಾಯಿತು. "ಲಿಂಬಿಯೊಳಗ ಸಿಟ್ರಾಲ್ ಅಂತ ಇನ್ನೊಂದು ಅದ. ಇರೋದು ಸ್ವಲ್ಪ, ಆದ್ರ ಭಾಳ ಜೋರು. ಕ್ರಿಮಿಗೆ ತೆಳ್ಳಗ ಒಂದು ಪೊರಿ ಇರ್ತದ. ಎಣ್ಣಿ ಅದರಾಗ ನುಗ್ಗಿ ತೂತು ಮಾಡ್ತದ. ಒಳಗಿಂದೆಲ್ಲ ಸೋರಿ ಕ್ರಿಮಿ ಖಲಾಸ್!"

ಬರೀ ಮಾತಲ್ಲ. ಎರಡು ಡಬ್ಬಿಗಳಲ್ಲಿ ಒದ್ದೆ ರೊಟ್ಟಿಯ ಚೂರು ಇಟ್ಟು, ಒಂದರಲ್ಲಿ ಮಾತ್ರ ಎಣ್ಣೆ ಅದ್ದಿದ ಹತ್ತಿ ಇಟ್ಟರು. ಐದನೆಯ ದಿನ ಎಣ್ಣೆ ಇಲ್ಲದ ಡಬ್ಬಿಯಲ್ಲಿ ಹಸಿರು ಬೂಷ್ಟು. ಎಣ್ಣೆಯ ಡಬ್ಬಿಯ ರೊಟ್ಟಿ ಇಟ್ಟ ಹಾಗೇ ಇತ್ತು! ನಗಲೆಂದೇ ಹೋಗಿದ್ದ ನಾನು ಬಾಯಿ ತೆರೆದು ನೋಡಿದೆ.

ಆ ಹುರುಪಿನಲ್ಲಿ ಮಾಮಾ ಪಕ್ಕದ ಮನೆಯ ಗಣಪತಿ ಮಂಟಪಕ್ಕೂ ಎಣ್ಣೆ ಸಿಂಪಡಿಸಿದರು, ಜನ ಬರುವ ಜಾಗ ಶುದ್ಧವಾಗಿರಲಿ ಎಂದು. ಮಂಟಪ ಥರ್ಮಾಕೋಲಿನದು. ಲಿಮೊನೀನ್ ಥರ್ಮಾಕೋಲನ್ನು ಕರಗಿಸುತ್ತದೆಂದು ಯಾರಿಗೆ ಗೊತ್ತಿತ್ತು? ಕಂಬಗಳು ಕುಗ್ಗಿ ಗೋಪುರ ಬಂದು ಗಣಪತಿಯ ಕಿರೀಟದ ಮೇಲೆ ಕೂತಿತು! ಮನೆಯವರು ದಂಗಾಗಿ ನಿಂತಿದ್ದರೆ ಮಾಮಾ ಕಣ್ಣರಳಿಸಿ, "ಹ್ಯಾಂಗ ಕರಗಾಕತ್ತದ ನೋಡ್ರಿ!" ಎನ್ನುತ್ತಿದ್ದರು.

ಹೋದ ವರ್ಷ ಅತ್ತೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಬರಿಗಾಲಲ್ಲಿ ನಡೆದು ಹೋಗಿ ಬಂದರು. ಅಂಗಾಲಿಗೆ ಮುಳ್ಳು ನೆಟ್ಟಿತ್ತು. ಮೊದಲೇ ಸಕ್ಕರೆ ಕಾಯಿಲೆ, ಗಾಯ ಕೀವಾಯಿತು. ಇನ್ನು ಮಾಮಾ ಬಾಟಲಿ ತೆಗೆಯುತ್ತಾರೆಂದೇ ನಾನು ಹೆದರಿದೆ.

ಅತ್ತೆ ತಾವೇ ಕಾಲು ಚಾಚಿ, "ದವಾಖಾನಿ ಬ್ಯಾಡ. ನಿಮ್ಮ ಎಣ್ಣೀನ ಹಚ್ರಿ," ಎಂದರು.

ಮಾಮಾ ಬಾಟಲಿಯ ಕಡೆ ನೋಡಲೂ ಇಲ್ಲ. ಗಾಡಿ ಕರೆಸಿ ನೇರ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದರು. ಕಾಲು ಉಳಿಯಿತು.

ಮನೆಗೆ ಬಂದ ಮೇಲೆ ದಿನಾ ಗಾಯ ತೊಳೆದು, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ ಪಟ್ಟಿ ಕಟ್ಟುವ ಕೆಲಸ ಅವರದೇ. ಒಂದು ದಿನ ತಡೆಯಲಾರದೆ ಕೇಳಿದೆ: "ಯಾಕ್ರಿ ಮಾಮಾ, ನಿಮ್ಮ ಎಣ್ಣಿ ಮ್ಯಾಲ ನಿಮಗೇ ನಂಬಿಕಿ ಇಲ್ಲೇನು?"

"ಅದರ ಬಗ್ಗೆ ನನಗ ಗೊತ್ತಿಲ್ಲದ್ದು ಇನ್ನೂ ಭಾಳ ಅದ ಅವ್ವಾ," ಎಂದರು, ತಲೆ ಎತ್ತದೆ. "ಅದನ್ನ ಈಕಿ ಕಾಲಿನ ಮ್ಯಾಲ ಕಲೀಲೇನು?"

ಪಟ್ಟಿಯ ಕೊನೆಯ ಸುತ್ತನ್ನು ಬಿಚ್ಚಿ, ಸ್ವಲ್ಪ ಸಡಿಲ ಮಾಡಿ ಮತ್ತೆ ಸುತ್ತಿದರು. "ನೋವಾಗಾಕತ್ತದೇನ?" ಎಂದು ಅತ್ತೆಯನ್ನು ಕೇಳಿದರು.

"ಇಲ್ರಿ," ಎಂದರು ಅತ್ತೆ, ಹಲ್ಲು ಕಚ್ಚಿಕೊಂಡು.